ಮೊಟ್ಟೆಯ ಮೇಲಿನ ಸುಳಿ

ಆ ಮೊಟ್ಟೆ ಸೆಲ್ವರಾಜನ ಹಾವಿನದಲ್ಲ. ಆಲ್ಕೊಳದ ನನ್ನ ಮನೆಯಿಂದ ಊಟದ ಡಬ್ಬಿಯಲ್ಲಿಟ್ಟುಕೊಂಡು ಹೋಗಿ, ಅವನು ಹಾಲು ತರಲು ಬೀದಿಯ ತುದಿಯ ಅಂಗಡಿಗೆ ಹೋದಾಗ, ಅವನ ಪೆಟ್ಟಿಗೆಯೊಳಗೆ ಇಟ್ಟವನು ನಾನು. ಅಲ್ಲಿದ್ದ ಅವನ ಮೊಟ್ಟೆಯನ್ನು ಎತ್ತಿಕೊಂಡು ಬಂದವನೂ ನಾನೇ. ಹಾಲು ತಂದು ಮುಗಿಯುವಷ್ಟು ಹೊತ್ತಿನ ಕೆಲಸ. ಅದರ ಫಲವನ್ನು ಆ ಮನುಷ್ಯ ವರ್ಷಗಟ್ಟಲೆ ಉಂಡ — ಅವನ ಹೆಂಡತಿ ಉಂಡಳು, ಮಗಳು ಉಂಡಳು — ನಾನು ಅವರ ಮನೆಯ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ.

ನಮ್ಮಜ್ಜಿ ಕತೆ ಹೇಳುವಾಗ ಕಳ್ಳನನ್ನು ಮೊದಲೇ ಹಿಡಿದು ಕಂಬಕ್ಕೆ ಕಟ್ಟಿ, ಆಮೇಲೆ ಕಳ್ಳತನವನ್ನು ಹೇಳುತ್ತಿದ್ದಳು. ಹುಡುಕುವ ಚಟಕ್ಕೆ ಬಿದ್ದರೆ ಕೇಳುವವರು ಕದ್ದ ವಸ್ತುವನ್ನೇ ಮರೆಯುತ್ತಾರೆ ಎನ್ನುವುದು ಅವಳ ಲೆಕ್ಕ. ನಾನೂ ಕಳ್ಳನನ್ನು ಕಟ್ಟಿದ್ದೇನೆ. ಇನ್ನು ಕದ್ದದ್ದು ಏನು ಎಂದು ಹೇಳಬೇಕು.

ನಾನು ಶಿವಮೊಗ್ಗದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟುಕೊಂಡವನು. ಮನೆಯ ಹಿಂದಿನ ಕೋಣೆಯಲ್ಲಿ ಹಾವು ಸಾಕಿದ್ದೆ. ನಮ್ಮ ನೆಲದ ಹಾವನ್ನು ಸಾಕುವಂತಿಲ್ಲ, ಸಾಕಲೂಬಾರದು. ಇವು ಆಫ್ರಿಕಾ ಕಡೆಯ ಸಣ್ಣ ಹೆಬ್ಬಾವುಗಳು, ತಲೆಮಾರುಗಳಿಂದ ಮನುಷ್ಯರ ಬೋನಿನಲ್ಲೇ ಹುಟ್ಟಿ ಬೆಳೆದವು, ಸರ್ಕಾರಕ್ಕೆ ತಿಳಿಸಿ ಇಟ್ಟುಕೊಂಡವು. ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತವೆ.

ಸೆಲ್ವರಾಜ್ ಭದ್ರಾವತಿಯವನು. ಅವನ ತಾತ ಕಾರ್ಖಾನೆಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದು ಇಲ್ಲೇ ನೆಲೆನಿಂತರು. ಇವನು ಗುತ್ತಿಗೆಯ ಮೇಲೆ ಕುಲುಮೆಯ ಮುಂದೆ ದುಡಿದವನು. ಆ ಕೆಲಸ ನಿಂತ ಮೇಲೆ ಮನೆಯ ಜಗಲಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೂತ. ಮನೆಯಲ್ಲಿಟ್ಟ ಮೀನಿನ ತೊಟ್ಟಿಗಳ ಹೀಟರ್ ಕೆಟ್ಟಾಗ ಯಾರೋ ಅವನ ಹೆಸರು ಹೇಳಿದರು. ಬಂದವನು ಹೀಟರ್ ಬಿಟ್ಟು ಹಾವಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಇದೇನ್ ರುದ್ರಣ್ಣ, ಹಾವು ಉಂಡೆ ಕಟ್ಕೊಂಡು ಕೂತಿದೆ! ನಮ್ ಮಲ್ಲಿಕಾ ಕೋಪ ಬಂದ್ರೆ ಹಿಂಗೇ ಕೂರೋದು. ಮುಖಾನೇ ಸಿಗಲ್ಲ."

ಅವನಿಗೆ ಒಂದು ಜೋಡಿ ಕೊಟ್ಟೆ. ಕಪ್ಪು-ಕಂದು ಮಚ್ಚೆಯ, ಆ ಜಾತಿಗೆ ಸಹಜವಾದ ಸಾದಾ ಬಣ್ಣದ ಜೋಡಿ. ಅವನ ಹೆಂಡತಿ ಮಲ್ಲಿಕಾ ಮೊದಲ ದಿನ ಬೀದಿಯಲ್ಲೇ ನಿಂತು, "ನಾನಾದ್ರೂ ಇರ್ಬೇಕು, ಅವಾದ್ರೂ ಇರ್ಬೇಕು" ಎಂದಿದ್ದಳು. ಸ್ವಲ್ಪ ದಿನ ಬಿಟ್ಟು ಹೋದರೆ, "ಉಂಡೆಗಳಿಗೆ ನೀರಿಟ್ರಾ?" ಎಂದು ಗಂಡನನ್ನು ಗದರಿಸುತ್ತಿದ್ದಳು.

ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ಸೆಲ್ವ ಹಳೆಯ ಫ್ರಿಜ್ಜಿನ ಪೆಟ್ಟಿಗೆಗೆ ತಂತಿ ಎಳೆದು ಕಾವುಪೆಟ್ಟಿಗೆ ಮಾಡಿಟ್ಟಿದ್ದ. ಥರ್ಮಾಮೀಟರ್ ಇತ್ತು. ಆದರೂ ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ಅಂಗೈಯ ಹಿಂಬದಿಯನ್ನು ಒಳಗೆ ಹಿಡಿಯುತ್ತಿದ್ದ. "ಕಬ್ಬಿಣದ ಬಣ್ಣ ನೋಡಿ ಶಾಖ ಹೇಳ್ತಿದ್ದ ಕೈ ಅಣ್ಣಾ ಇದು. ಮೊಟ್ಟೆ ಯಾವ ಲೆಕ್ಕ?" ಕೆಲಸ ಹೋಗಿತ್ತು, ಕೈ ಇತ್ತು. ಆ ಕೈಯನ್ನೇ ಅವನು ಇನ್ನೂ ತನ್ನ ಕೆಲಸ ಎಂದು ತಿಳಿದಿದ್ದ.

ಹಾವಿನ ಮೊಟ್ಟೆಗೆ ಒಂದು ನಿಯಮವಿದೆ. ಇಟ್ಟ ಮೇಲೆ ಅದನ್ನು ಹೊರಳಿಸಬಾರದು. ಒಳಗಿನ ಜೀವ ಗೋಡೆಗೆ ಅಂಟಿಕೊಂಡಿರುತ್ತದೆ, ತಲೆಕೆಳಗಾದರೆ ಉಸಿರು ಕಟ್ಟುತ್ತದೆ. ಹಾಗಾಗಿ ಸಾಕುವವರು ಮೇಲ್ಭಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ. ನಾನು ಗೀಟು ಎಳೆಯುತ್ತಿದ್ದೆ. ಸೆಲ್ವ ಪಿಳ್ಳೈಯಾರ್ ಸುಳಿ ಹಾಕಿದ — ಅವರ ಮನೆಗಳಲ್ಲಿ ಏನು ಬರೆಯುವುದಿದ್ದರೂ ಎಲ್ಲಕ್ಕಿಂತ ಮೇಲೆ ಹಾಕುವ ಗಣಪತಿಯ ಗುರುತು, ಒಂದು ಸುತ್ತು, ಅದರಿಂದ ಹೊರಟ ಒಂದು ಬಾಲ. ಒಂದೇ ಎಳೆತಕ್ಕೆ, ಪೆನ್ಸಿಲ್ ಎತ್ತದೆ. "ಗಣೇಶನ್ನ ಕೂರ್ಸಿದ್ದೀನಿ. ಇನ್ನೇನು ಭಯ" ಎಂದು ನಕ್ಕ.

ಮೊಟ್ಟೆಗಳು ಒಂದೊಂದಾಗಿ ಕೆಟ್ಟವು. ಬೂಸು ಹಿಡಿದವು, ಕುಗ್ಗಿದವು, ನಾರಿದವು. ಮಿಕ್ಕಿದ್ದು ಒಂದೇ. ಅದರ ಒಂದು ಪಕ್ಕವೂ ಗುಳಿಬಿದ್ದಿತ್ತು. ಸೆಲ್ವ ಪೆಟ್ಟಿಗೆಯ ಮುಂದೆ ಕೂತು ಕೈಯನ್ನು ಒಳಗೆ ಹಿಡಿದು ತೆಗೆಯುವುದು, ಹಿಡಿದು ತೆಗೆಯುವುದು.

"ಇದೂ ಹೋದ್ರೆ ಮುಗೀತು ಅಣ್ಣಾ. ಶಾಖನೂ ನನ್ನ ಕೈ ಬಿಡ್ತು ಅಂತ ಅರ್ಥ."

ನನಗೆ ಅವನ ಮೇಲೆ ಮರುಕ ಬಂತು. ಇದು ಸುಳ್ಳಲ್ಲ. ಆದರೆ ಇದನ್ನೇ ನೆಪ ಮಾಡಿಕೊಂಡು ಇಷ್ಟು ವರ್ಷ ನಾನು ನನ್ನನ್ನು ಒಳ್ಳೆಯವನು ಎಂದುಕೊಂಡೆ. ನನ್ನ ಮನೆಯಲ್ಲಿ ಅದೇ ಹೊತ್ತಿಗೆ ಇನ್ನೊಂದು ಹೆಣ್ಣು ಮೊಟ್ಟೆಯಿಟ್ಟಿತ್ತು. ಮೈಮೇಲೆ ಜೇಡರ ಬಲೆ ಎಳೆದಂತೆ ತೆಳು ಕಪ್ಪು ಗೆರೆಗಳ ಹಾವು ಅದು, ಸೆಲ್ವ ಇನ್ನೂ ನೋಡಿರದ್ದು. ಆ ಬಣ್ಣ ಎಲ್ಲೋ, ಯಾವಾಗಲೋ, ಒಂದು ಹಾವಿನಲ್ಲಿ ತಾನಾಗಿ ಬಂದದ್ದಂತೆ. ಚೆಂದವಿದೆ ಎಂದು ಮನುಷ್ಯರು ಜೋಡಿ ಹಾಕಿ, ಆರಿಸಿ, ಮತ್ತೆ ಜೋಡಿ ಹಾಕಿ ಹೆಚ್ಚಿಸಿದರು. ಆ ಬಣ್ಣದ ಹಿಂದೆಯೇ ಒಂದು ನಡುಕವೂ ಬರುತ್ತದೆ. ತಲೆ ನಿಲ್ಲುವುದಿಲ್ಲ. ಕೆಲವಕ್ಕೆ ಸ್ವಲ್ಪ, ಕೆಲವಕ್ಕೆ ಮೈಯೇ ಮಗುಚುವಷ್ಟು. ಕಾಡಿನಲ್ಲಾದರೆ ಅಂಥದ್ದು ಬೇಟೆಯ ಗುರಿ ತಪ್ಪಿ ಹಸಿವಿನಲ್ಲಿ ಮುಗಿಯುತ್ತಿತ್ತೇನೋ. ನಮ್ಮ ಬೋನಿನಲ್ಲಿ ನಾವು ಬಾಯಿಗಿಟ್ಟು ಉಳಿಸುತ್ತೇವೆ, ಬಣ್ಣಕ್ಕಾಗಿ. ಬಣ್ಣ ಬೇಕು, ನಡುಕ ಬೇಡ ಎಂದರೆ ಆಗದು. ಎರಡೂ ಒಂದೇ ಬೇರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಜೋಡಿ ಹಾಕಿದ್ದೆ.

ಆ ಮೊಟ್ಟೆಗಳಲ್ಲಿ ಅರ್ಧ ಸಾದಾ ಬಣ್ಣದವಾಗಿ ಹುಟ್ಟುತ್ತವೆ ಎಂಬ ಅಂದಾಜಿನ ಮೇಲೆ ಒಂದನ್ನು ಡಬ್ಬಿಗೆ ಹಾಕಿದೆ. ಕೆಳಗೆ ತೆಂಗಿನ ನಾರಿನ ಒದ್ದೆ ಪುಡಿ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದೆ. ಮಲವಗೊಪ್ಪದ ಹತ್ತಿರ ಬಸ್ಸು ಹಂಪ್ ಹಾರಿದಾಗ ಎದೆಯೂ ಹಾರಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಸುಮ್ಮನಿರಲಾರದೆ ಕೇಳಿದಳು.

"ಏನ್ ಮಾರಾಯ, ಬಾಣಂತಿ ಕೂಸು ಹಿಡ್ಕಂಡಂಗೆ ಹಿಡ್ಕಂಡಿದೀಯ? ಏನಿದೆ ಅದ್ರಾಗೆ?"

"ಮೊಟ್ಟೆ ಅಜ್ಜಿ."

"ಎಷ್ಟು?"

"ಒಂದೇ."

"ಒಂದ್ ಮೊಟ್ಟೆಗೆ ಇಷ್ಟ್ ದೊಡ್ಡ ಡಬ್ಬಿನಾ! ಆನೇದಾ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳ್ಳೆಯ ಕೆಲಸಕ್ಕೆ ಹೊರಟವನ ನಗು ಅದು — ಈಗ ನೆನೆದರೆ ಮೈ ಉರಿಯುತ್ತದೆ.

ಸೆಲ್ವ ಹಾಲಿಗೆ ಹೋದ. ಮಲ್ಲಿಕಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವನ ಮೊಟ್ಟೆಯನ್ನು ತೆಗೆದೆ, ನನ್ನದನ್ನು ಇಟ್ಟೆ. ಆಗ ನೆನಪಾಯಿತು, ಸುಳಿ! ಅಲ್ಲೇ ಬಿದ್ದಿದ್ದ ಅವನ ಪೆನ್ಸಿಲ್ ತೆಗೆದುಕೊಂಡು ನನ್ನ ಮೊಟ್ಟೆಯ ಮೇಲೆ ಗಣಪತಿಯ ಗುರುತನ್ನು ನಕಲು ಮಾಡಿದೆ. ಕೈ ಅದುರಿತು. ಸುತ್ತು ಸೊಟ್ಟಗಾಯಿತು, ಬಾಲ ಎರಡು ಕಡೆ ಮುರಿಯಿತು. ಅಳಿಸಲು ಹೊತ್ತಿರಲಿಲ್ಲ. ಮುಚ್ಚಿದೆ. ಅವನ ಮೊಟ್ಟೆಯನ್ನು ಡಬ್ಬಿಗೆ ಹಾಕಿ ಚೀಲಕ್ಕೆ ತುರುಕಿದೆ. ವಾಪಸ್ ಬರುವಾಗ ಆ ಚೀಲವನ್ನು ಹೇಗೆ ತಂದೆ ಎಂಬುದನ್ನು... ಅದನ್ನು ಕೊನೆಗೆ ಹೇಳುತ್ತೇನೆ. ಈಗ ಕೈ ಬರುತ್ತಿಲ್ಲ.

ಗುಳಿ ತುಂಬಿಕೊಂಡಿತು, ಮೊಟ್ಟೆ ಉಳಿಯಿತು ಎಂದೇ ಸೆಲ್ವ ನಂಬಿದ. ಮೊಟ್ಟೆ ಒಡೆಯಿತು. ಬಲೆಯ ಬಣ್ಣದ ಮರಿ.

ಸೆಲ್ವ ಫೋನಿನಲ್ಲಿ ಕೂಗಿದ ಕೂಗಿಗೆ ಅಂಗಡಿ ಬಾಗಿಲು ಹಾಕಿ ಓಡಿದೆ. ಮರಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. "ಅಪ್ಪನೂ ಸಾದಾ, ಅಮ್ಮನೂ ಸಾದಾ. ಇದೆಲ್ಲಿಂದ ಬಂತಣ್ಣಾ?"

ಹೇಳಲು ಅದೇ ಹೊತ್ತಾಗಿತ್ತು. ತಮಾಷೆ ಮಾಡಿ ಹೇಳಿದ್ದರೂ ನಡೆಯುತ್ತಿತ್ತು. ಬೈಯುತ್ತಿದ್ದ, ಎರಡು ದಿನ ಮಾತು ಬಿಡುತ್ತಿದ್ದ, ಮುಗಿಯುತ್ತಿತ್ತು. ಆದರೆ ಆ ಮುಖ! ಪರಿಚಯವಾದ ದಿನದಿಂದ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ.

"ಕೆಲವು ಸಲ ತಾನಾಗೇ ಬರುತ್ತೆ ಸೆಲ್ವಾ. ಯಾರೂ ಆರಿಸಿದ್ದಲ್ಲ, ಯಾರೂ ಮಾಡಿದ್ದಲ್ಲ. ಪ್ರಕೃತಿ ಕೊಡೋದು. ನಿನ್ ಕೈಯ ಶಾಖಕ್ಕೆ ಕೊಟ್ಟಿದೆ."

ಹೀಗೆಂದೆ. ಈ ಮಾತನ್ನು ಮತ್ತೆ ಮತ್ತೆ ಓದಿ. ಇದರಲ್ಲಿ ಪ್ರೀತಿ ಕಾಣುತ್ತದೆ. ನನಗೂ ಕಂಡಿತ್ತು.

ಅದಕ್ಕೆ ಮುತ್ತು ಎಂದು ಹೆಸರಿಟ್ಟರು. ಮುತ್ತು ತಲೆಯನ್ನು ಒಂದು ಕಡೆ ವಾಲಿಸುತ್ತಿತ್ತು, ಹಸಿದಾಗ ತಿರುಪು ತಿರುಗಿಸಿದಂತೆ ಆಡಿಸುತ್ತಿತ್ತು. "ನಾಟ್ಯ ಮಾಡ್ತಾನೆ" ಎಂದು ಮಲ್ಲಿಕಾ ನಗುತ್ತಿದ್ದಳು. ಬೆಳೆದ ಮೇಲೆ ಸೆಲ್ವ ಅದಕ್ಕೆ ಸಾದಾ ಹೆಣ್ಣನ್ನು ಜೋಡಿ ಹಾಕಿದ. ಮರಿಗಳಲ್ಲಿ ಅರ್ಧಕ್ಕೆ ಬಲೆಯ ಬಣ್ಣ. ಆ ಅರ್ಧಕ್ಕೂ ನಡುಕ. ಒಂದಂತೂ ಬೆನ್ನ ಮೇಲೆ ಬಿದ್ದುಕೊಂಡು ಯಾವುದು ಆಕಾಶ, ಯಾವುದು ನೆಲ ಎಂದು ತಿಳಿಯದೆ ಒದ್ದಾಡಿ ಸತ್ತಿತು. ಮಲ್ಲಿಕಾ ಅದಕ್ಕೆ ಹಾಲು-ತುಪ್ಪ ಬಿಟ್ಟು ಮಣ್ಣು ಮಾಡಿದಳು. ಆಮೇಲೆ ಅವಳು ನಾಟ್ಯ ಎನ್ನಲಿಲ್ಲ.

ಸೆಲ್ವ ಒಂದೇ ಮಾತಿಗೆ ಕಚ್ಚಿಕೊಂಡ — ಶಾಖ. ಬಣ್ಣ ಪ್ರಕೃತಿ ಕೊಟ್ಟದ್ದು, ನಡುಕ ಕೈಯ ತಪ್ಪಿನದು. ತಂತಿ ಬದಲಾಯಿಸಿದ. ಪೆಟ್ಟಿಗೆ ಬದಲಾಯಿಸಿದ. ಮುಂದಿನ ಸಲ ಕಡಿಮೆ ಶಾಖ, ಅದರ ಮುಂದಿನ ಸಲ ಇನ್ನೂ ಕಡಿಮೆ. ಮರಿಗಳು ನಡುಗಿಕೊಂಡೇ ಹುಟ್ಟಿದವು. "ಎಲ್ಲಿ ತಪ್ತಿದೀನಿ ಅಣ್ಣಾ? ನೀವಾದ್ರೂ ಹೇಳಿ." ನಾನು — ನಾನು ಥರ್ಮಾಮೀಟರ್ ಬದಲಾಯಿಸಿ ನೋಡು ಎಂದೆ. ಹೌದು, ಹಾಗೆಂದೆ. ಬೆಳಿಗ್ಗೆ ಲಿಂಗಪೂಜೆಗೆ ಕೂತು ಎಡಗೈ ಮುಂದೆ ಮಾಡಿದರೆ ಅಂಗೈ ಅಲುಗುತ್ತಿತ್ತು. ವಯಸ್ಸು ಎಂದುಕೊಂಡೆ.

ಒಮ್ಮೆ ಶಿವಮೊಗ್ಗದಲ್ಲಿ ಹಾವು ಸಾಕುವವರೆಲ್ಲ ಒಬ್ಬರ ಮನೆಯ ಮಹಡಿಯಲ್ಲಿ ಸೇರಿದ್ದೆವು. ಸೆಲ್ವ ಇಸ್ತ್ರಿ ಮಾಡಿದ ಅಂಗಿ ಹಾಕಿ ಮುತ್ತುವನ್ನು ಬಟ್ಟೆಚೀಲದಲ್ಲಿ ತಂದಿದ್ದ. ಒಬ್ಬ ನೋಡಿದವನೇ ನಕ್ಕ. "ನಿಮ್ಮನೇಲಿ ಸಾದಾ ಜೋಡಿಗೆ ಹುಟ್ಟಿದ್ದಾ? ಏನ್ ಸ್ವಾಮಿ, ನಮ್ ಕಿವಿಗೆ ಹೂವಾ? ಎಲ್ಲೋ ತಂದ್ ಮಾಲಿಗೆ ಯಾಕ್ರೀ ಪುರಾಣ?"

"ತಂದಿದ್ದಲ್ಲ ಸಾರ್. ತಾನಾಗೇ ಬಂದಿದ್ದು. ರುದ್ರಣ್ಣನ್ನ ಕೇಳಿ, ಮೊಟ್ಟೆಯಿಂದ ನೋಡಿದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಹೌದೆಂದರೆ ಇವರೆಲ್ಲ ತಿಳಿದವರು, ಕೆದಕುತ್ತಾರೆ — ಆ ವರ್ಷ ನಿನ್ನ ಮನೆಯಲ್ಲೂ ಬಲೆ ಬಣ್ಣದ ಹಾವಿನ ಮೊಟ್ಟೆ ಇತ್ತಲ್ಲ ಎನ್ನುತ್ತಾರೆ.

"ಅವತ್ತು ನಾನಿರ್ಲಿಲ್ಲ" ಎಂದೆ.

ಅವನಿಗೆ ಸುಳ್ಳುಗಾರ ಎಂಬ ಹೆಸರು ಬಿದ್ದದ್ದು ಅಲ್ಲಿ. ಅವನು ಮುತ್ತುವನ್ನು ಒಳಗಿಟ್ಟ. ಚೀಲದ ಬಾಯಿ ಕಟ್ಟಿದ. ಬಸ್ ನಿಲ್ದಾಣಕ್ಕೆ ಬಿಡಲು ಹೋದಾಗ ಸ್ಕೂಟರಿನ ಹಿಂದಿನಿಂದ ಅವನೇ ನನ್ನನ್ನು ಸಮಾಧಾನ ಮಾಡಿದ. "ಮರೆತುಬಿಟ್ರಾ ಅಣ್ಣಾ? ಹೋಗ್ಲಿ ಬಿಡಿ. ವಯಸ್ಸಾಗೋಯ್ತು ನಿಮ್ಗೂ."

ಸೆಲ್ವಾ, ನೀನು ಅವತ್ತು ನನ್ನ ಕತ್ತಿನ ಪಟ್ಟಿ ಹಿಡಿಯಬೇಕಿತ್ತು.

ಅವನ ಒಬ್ಬಳೇ ಮಗಳು ಕಲಾ. ಹೊಳಲೂರಿಗೆ ಕೊಟ್ಟಿದ್ದಾರೆ. ಕಳೆದ ವರ್ಷ ಅವಳಿಗೆ ದಿನ ತುಂಬುತ್ತಾ ಬಂತು. ಚೊಚ್ಚಲ ಹೆರಿಗೆ, ಬಾಣಂತನ ತವರಿನದು. ಮಲ್ಲಿಕಾ ಕೋಣೆಗೆ ಸುಣ್ಣ ಹೊಡೆಸಿ, ಹಳೆಯ ಹತ್ತಿ ಸೀರೆಗಳನ್ನು ಹರಿದು ಮಗುವಿನ ಬಟ್ಟೆ ಮಾಡಿ, ಎಲ್ಲ ಸಜ್ಜಾದ ಮೇಲೆ ಒಂದು ದಿನ ಕೋಣೆಗೆ ಬೀಗ ಹಾಕಿದಳು. "ತಲೆ ನಿಲ್ಲದ ಹಾವು ಇರೋ ಮನೇಲಿ ಬಸುರಿ ಹೆಂಗಿರ್ತಾಳೆ? ಕೂಸಿಗೆ ತಟ್ಟಿದ್ರೆ?" ಹಾವುಗಳನ್ನು ನನಗೆ ಕೊಟ್ಟುಬಿಡಿ ಎಂದೆ. ಅವಳು ಒಪ್ಪಲಿಲ್ಲ. ಹಾವು ಹೋದರೆ ದೋಷ ಹೋಗುವುದಿಲ್ಲವಂತೆ. ಯಾರ ಕೈಯಲ್ಲಿ ಕೆಟ್ಟಿತೋ ಅವರ ಕೈಯಲ್ಲೇ ನೆಟ್ಟಗಾಗಬೇಕಂತೆ.

ಸೆಲ್ವ ಅದಕ್ಕೆ ಹರಕೆ ಕಟ್ಟಿದ. ಪೆಟ್ಟಿಗೆಯಲ್ಲಿ ಆಗ ಮೊಟ್ಟೆಗಳಿದ್ದವು. "ಈ ಸಲ ಬಲೆ ಬಣ್ಣದ್ದು ಒಂದಾದ್ರೂ ತಲೆ ನೆಟ್ಟಗೆ ಇಟ್ಕೊಂಡು ಹೊರಗ್ ಬರ್ಲಿ ಅಣ್ಣಾ. ಅವತ್ತೇ ಹೊಳಲೂರಿಗೆ ಹೋಗಿ ಕಲಾನ ಕರ್ಕೊಂಡ್ ಬರ್ತೀನಿ."

ಅಂಥದ್ದು ಹುಟ್ಟುವುದಿಲ್ಲ. ಈ ಭೂಮಿಯ ಮೇಲೆ ಎಲ್ಲೂ ಹುಟ್ಟುವುದಿಲ್ಲ. ಅದು ಆ ಮನೆಯಲ್ಲಿ ಕೂತವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಆಗ ನನ್ನ ತಲೆಗೆ ಬಂದದ್ದೇನು ಗೊತ್ತೇ? ಡಬ್ಬಿ. ಮತ್ತೊಂದು ಮೊಟ್ಟೆ ಎಲ್ಲಿಂದಾದರೂ ತಂದಿಟ್ಟರೆ, ಸ್ವಲ್ಪವೇ ನಡುಗುವ ಮರಿ ಸಿಕ್ಕರೆ... ನೋಡಿ, ಎಂಥವನು ನಾನು. ಒಂದು ಮಾತು ಹೇಳುವುದು ಬಿಟ್ಟು, ಮಗಳೊಬ್ಬಳ ತವರಿನ ದಾರಿಯನ್ನು ಇನ್ನೊಂದು ಮೊಟ್ಟೆಯಿಂದ ತೆರೆಯಲು ಲೆಕ್ಕ ಹಾಕುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದು ಬಸ್ಸು ಹತ್ತುತ್ತಿದ್ದೆ. ಮಲ್ಲಿಕಾ ಕಾಫಿ ಕೊಡುತ್ತಿದ್ದಳು. ಕುಡಿದು ಬರುತ್ತಿದ್ದೆ.

ಮರಿಗಳು ಬಂದವು. ನಡುಗಿದವು. ಕಲಾ ಅತ್ತೆಯ ಮನೆಯಲ್ಲೇ ಉಳಿದಳು, ಅಲ್ಲಿಂದಲೇ ಆಸ್ಪತ್ರೆಗೆ ಹೋಗಿ ಹೆತ್ತಳು. ಹೆಣ್ಣು ಮಗು. ಸುಖವಾಗಿದೆ. ಬಾಣಂತಿಯ ತಲೆಗೆ ಎಣ್ಣೆ ಹಾಕಿದ್ದು, ನೀರು ಹಾಕಿದ್ದು ಬೇರೆಯವರ ಕೈ. ಬೀಗ ಹಾಕಿದ ಕೋಣೆಯಲ್ಲಿ ಮಲ್ಲಿಕಾ ಹರಿದ ಮೆತ್ತನೆ ಬಟ್ಟೆಗಳು ಮಡಿಸಿದಂತೆಯೇ ಇದ್ದವು. ಚೊಚ್ಚಲ ಬಾಣಂತನ ಇನ್ನೊಮ್ಮೆ ಬರುವುದಿಲ್ಲ.

ಸೆಲ್ವ ಪೇಡ ತೆಗೆದುಕೊಂಡು ಅಂಗಡಿಗೆ ಬಂದ. ನನ್ನ ಬಾಯಿಗೊಂದು ಇಟ್ಟ. "ತುಂಬ ಚೆನ್ನಾಗಿದೆ ಅಣ್ಣಾ ಕೂಸು. ಬಾಗ್ಲಲ್ಲೇ ನಿಂತು ನೋಡ್ದೆ."

"ಎತ್ಕೊಳ್ಲಿಲ್ವಾ?"

"ಇಲ್ಲ. ಕೊಟ್ರು. ಈ ಕೈ ಬೇಡ ಅನ್ನಿಸ್ತು."

ಮಾರನೆಯ ದಿನ ಬೆಳಿಗ್ಗೆ ಭದ್ರಾವತಿಗೆ ಹೋದೆ. ಮಲ್ಲಿಕಾ ಕಾಫಿ ತಂದಿಟ್ಟಳು. ಮುಟ್ಟುವ ಮೊದಲೇ ಹೇಳಿದೆ — ಈ ಬರಹದ ಮೊದಲ ಸಾಲನ್ನೇ. ಆಮೇಲೆ ಉಳಿದದ್ದನ್ನೂ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿ ಎಂದು ಬೇಡಿಕೊಂಡಿದ್ದೆ.

ಅವನು ಅರ್ಥವಾಗದವನಂತೆ ಕೇಳಿದ. "ಹಂಗಾದ್ರೆ... ಶಾಖ ಸರಿ ಇತ್ತಾ?"

"ಸರಿ ಇತ್ತು ಸೆಲ್ವಾ. ಒಂದು ದಿನವೂ ತಪ್ಪಿರಲಿಲ್ಲ."

ಹೆಂಡತಿಯ ಕಡೆ ತಿರುಗಿದ. "ಕೇಳ್ದ್ಯಾ? ಶಾಖ ಸರಿ ಇತ್ತಂತೆ." ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಆಮೇಲೆ ತಟ್ಟನೆ ನನ್ನ ಕಡೆ ನೋಡಿದ. "ಆ ಸುಳಿ?"

"ನಾನು ಹಾಕಿದ್ದು."

"ಸೊಟ್ಟ ಇತ್ತು. ನೋಡಿದ್ದೆ. ನನ್ ಕೈಯೇ ನಡುಗಿದ್ದು ಅನ್ಕೊಂಡೆ ಅಣ್ಣಾ. ಗಣೇಶನ್ನ ಕೂರ್ಸೋವಾಗ ನಡುಗಿದ ಕೈ, ಅದಕ್ಕೇ ಮರಿಗಳೆಲ್ಲ ನಡುಗ್ತಾವೆ ಅಂತ... ಮಲ್ಲಿಕಾಗೆ ನಾನೇ ಹೇಳಿದ್ದು. ದೋಷ ನನ್ ಕೈಯಲ್ಲಿದೆ ಅಂತ."

ಆ ದೋಷದ ಮಾತು ಎಲ್ಲಿ ಹುಟ್ಟಿತೆಂದು ನನಗೆ ಆಗ ತಿಳಿಯಿತು. ನನ್ನ ಅವಸರದ ಒಂದು ಗೀಚಿನಲ್ಲಿ.

"ನನ್ ಮೊಟ್ಟೆ ಏನ್ ಮಾಡಿದ್ರಿ?"

ಕೆಟ್ಟಿತ್ತು, ಎಸೆದೆ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲಿ ಆ ಸುಳ್ಳೂ ಬಂದು ಕೂತಿತ್ತು. ಕೆಟ್ಟ ಮೊಟ್ಟೆ ಎಂದುಕೊಂಡೇ ನಾನು ಅದನ್ನು ತಂದದ್ದು. ಬೆಳಕಿಗೆ ಹಿಡಿದು ನೋಡಿರಲಿಲ್ಲ. ಚೀಲವನ್ನು ಬಸ್ಸಿನಲ್ಲಿ ಕಾಲ ಬಳಿ ಎಸೆದಿದ್ದೆ. ಹಂಪ್ ಬಂದಾಗಲೆಲ್ಲ ಅದು ಹೊರಳಿತು. ಮನೆಯಲ್ಲಿ ಎಸೆಯುವ ಮುನ್ನ, ಯಾಕೋ, ಕೆಳಗಿನಿಂದ ಟಾರ್ಚ್ ಹಾಕಿದೆ. ಕೆಂಪು ನರಗಳು, ಎಳೆಯ ಬೇರಿನ ಹಾಗೆ. ನಡುವೆ ಮಿಡಿಯುವ ಒಂದು ಚುಕ್ಕೆ. ಸುಳಿ ಕೆಳಗಾಗಿತ್ತು. ಸರಿಯಾಗಿ ತಿರುಗಿಸಿ ನನ್ನ ಪೆಟ್ಟಿಗೆಯಲ್ಲಿಟ್ಟೆ. ಕೆಲವು ದಿನಕ್ಕೆ ನರಗಳು ಕಪ್ಪಾದವು.

"ಜೀವ ಇತ್ತು ಸೆಲ್ವಾ" ಎಂದೆ.

ಮಲ್ಲಿಕಾ ಎದ್ದು ನನ್ನ ಮುಂದಿದ್ದ ಕಾಫಿ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು. ನಾನಿನ್ನೂ ಕುಡಿದಿರಲಿಲ್ಲ. ಸೆಲ್ವ ಗೋಡೆಯ ಕಡೆ ಮುಖ ಮಾಡಿ, "ನಡುಗೋವನ್ನೆಲ್ಲ ತಗೊಂಡ್ ಹೋಗಿ. ಮುತ್ತೂನೂ" ಎಂದ. ಅಣ್ಣಾ ಎನ್ನಲಿಲ್ಲ.

ತಂದಿದ್ದೇನೆ. ಅವು ನನ್ನ ಹಿಂದಿನ ಕೋಣೆಯಲ್ಲಿವೆ. ಇನ್ನು ಜೋಡಿ ಹಾಕುವುದಿಲ್ಲ. ಇವುಗಳ ಆಯುಸ್ಸು ದೊಡ್ಡದು, ನನಗಿಂತ ಹೆಚ್ಚೂ ಇದ್ದೀತು. ಆಹಾರ ಕೊಡುವಾಗ ಮುತ್ತುವಿನ ತಲೆ ತಿರುಗುತ್ತದೆ, ತಪ್ಪುತ್ತದೆ, ಗಾಳಿಯನ್ನು ಕಚ್ಚುತ್ತದೆ, ಮತ್ತೆ ತಿರುಗುತ್ತದೆ. ಅದು ಗುರಿಗೆ ಬರುವವರೆಗೆ ಇಕ್ಕಳ ಹಿಡಿದ ಕೈಯನ್ನು ಅಲುಗಿಸದೆ ಕಾಯುತ್ತೇನೆ. ಕೈ ಅಲುಗುತ್ತದೆ. ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತೇನೆ.

ಅವನು ಹೊಳಲೂರಿಗೆ ಹೋದನೇ, ಮಗುವನ್ನು ಎತ್ತಿಕೊಂಡನೇ — ನನಗೆ ತಿಳಿಯದು. ಕೇಳುವ ಹಕ್ಕು ನನಗಿಲ್ಲ.

ಆ ಮಹಡಿಯಲ್ಲಿ ನಕ್ಕವರು ಇದನ್ನು ಓದಲಿ. ಸೆಲ್ವರಾಜ್ ಸುಳ್ಳು ಹೇಳಿರಲಿಲ್ಲ. ಅವನ ಕೈ ನಡುಗಿರಲಿಲ್ಲ. ನೀವು ನನ್ನನ್ನು ಕೇಳಿದಿರಿ, ನಾನು ತಪ್ಪು ಉತ್ತರ ಕೊಟ್ಟೆ.

ಅವತ್ತು ನಾನಿದ್ದೆ.